ಬ್ಲಾಗ್‌ಗಳ ಬಗೆಗಳು, ಬ್ಲಾಗಿಗರ ಬಳಗಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬ್ಲಾಗ್ ಬರೆಯುತ್ತೇನೆ ಎಂದು ಗೊತ್ತಾದ ಕೂಡಲೇ ಜನ ಕೇಳುವ ಪ್ರಶ್ನೆಗಳು ಹೆಚ್ಚೂ ಕಡಿಮೆ ಅವೇ. ಎದುರು ಸಿಕ್ಕಾಗ ಕೇಳಿದ್ದು, ಪತ್ರದಲ್ಲಿ ಬಂದದ್ದು, ಬರಹದ ಕೆಳಗೆ ಬರೆದು ಹೋದದ್ದು, ಎಲ್ಲವನ್ನೂ ಇಲ್ಲಿ ಒಟ್ಟು ಹಾಕಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಉತ್ತರ ನನ್ನದು, ಹಾಗಾಗಿ ನನ್ನ ಇಷ್ಟ, ಸಿಡುಕು ಎರಡೂ ಒಳಗೆ ನುಸುಳಿವೆ. ಹೊಸಬರು ಮೇಲಿನಿಂದ ಓದಿ. ಆಗಲೇ ಬರೆಯುತ್ತಿರುವವರು ಮೂರನೇ ಭಾಗಕ್ಕೆ ಹಾರಿದರೂ ನಷ್ಟವಿಲ್ಲ.

## ಮೊದಲ ಪ್ರಶ್ನೆಗಳು

ಬ್ಲಾಗ್ ಅಂದ್ರೆ ವೆಬ್‌ಸೈಟೇ ಅಲ್ವಾ? ಬೇರೆ ಹೆಸರು ಯಾಕೆ?

ವೆಬ್‌ಸೈಟೇ. ಆದರೆ ಎಲ್ಲ ವೆಬ್‌ಸೈಟೂ ಬ್ಲಾಗ್ ಆಗುವುದಿಲ್ಲ. ಬ್ಲಾಗಿನಲ್ಲಿ ಬರಹಗಳಿಗೆ ತಾರೀಖು ಇರುತ್ತದೆ. ಹೊಸದು ಮೇಲೆ ಬರುತ್ತದೆ, ಹಳೆಯದು ಕೆಳಗೆ ಸರಿಯುತ್ತದೆ. ಸಾಮಾನ್ಯ ವೆಬ್‌ಸೈಟು ಬಾಗಿಲಿಗೆ ತೂಗುಹಾಕಿದ ಬೋರ್ಡಿನ ಹಾಗೆ, ಒಮ್ಮೆ ಬರೆದರೆ ವರ್ಷಗಟ್ಟಲೆ ಹಾಗೇ ಇರುತ್ತದೆ. ಬ್ಲಾಗ್ ಮುಂದುವರಿಯುತ್ತಲೇ ಇರಬೇಕು.

ಇನ್ನೊಂದು ಸಣ್ಣ ಸಂಗತಿ ಇದೆ, ಅದನ್ನು ಗಮನಿಸುವವರು ಕಡಿಮೆ. ಬ್ಲಾಗಿನ ಪ್ರತಿ ಬರಹಕ್ಕೂ ಅದರದ್ದೇ ಆದ, ಬದಲಾಗದ ವಿಳಾಸ ಇರುತ್ತದೆ. ಇದಕ್ಕೆ ಪರ್ಮಾಲಿಂಕ್ ಅನ್ನುತ್ತಾರೆ. 2000ದ ಸುಮಾರಿಗೆ ಇದು ರೂಢಿಗೆ ಬಂತು. ಅದಕ್ಕೂ ಮುಂಚೆ ಒಬ್ಬರು ಬರೆದದ್ದನ್ನು ಇನ್ನೊಬ್ಬರಿಗೆ ತೋರಿಸಬೇಕಾದರೆ "ಅವರ ಪುಟಕ್ಕೆ ಹೋಗಿ, ಕೆಳಗೆಲ್ಲೋ ಇದೆ, ಹುಡುಕಿ" ಅನ್ನಬೇಕಿತ್ತು. ಒಂದೊಂದು ಬರಹಕ್ಕೂ ಮನೆ ನಂಬರು ಸಿಕ್ಕ ಮೇಲೆ, ಅದನ್ನು ತೋರಿಸಿ "ಈ ಮಾತು ನಾನು ಒಪ್ಪಲ್ಲ" ಎಂದು ನಮ್ಮ ಮನೆಯಲ್ಲಿ ಕೂತೇ ಹೇಳಲು ಸಾಧ್ಯವಾಯಿತು. ಮುಂದೆ ಬರುವ ಬಳಗದ ಕಥೆ ನಿಂತಿರುವುದೇ ಇದರ ಮೇಲೆ.

ಈ ವಿಚಿತ್ರ ಹೆಸರು ಎಲ್ಲಿಂದ ಬಂತು?

ಹಡಗಿನಲ್ಲಿ ದಿನದಿನದ ವಿವರ ಬರೆದಿಡುವ ಪುಸ್ತಕಕ್ಕೆ ಇಂಗ್ಲಿಷಿನಲ್ಲಿ ಲಾಗ್ ಅನ್ನುತ್ತಾರೆ. 1997ರ ಡಿಸೆಂಬರಿನಲ್ಲಿ ಜಾರ್ನ್ ಬಾರ್ಜರ್ ಎಂಬಾತ ತಾನು ವೆಬ್ಬಿನಲ್ಲಿ ಓದಿದ ಒಳ್ಳೆಯ ಪುಟಗಳ ಲೆಕ್ಕವನ್ನು ದಿನವೂ ಬರೆದಿಡುತ್ತಾ ಅದನ್ನು 'ವೆಬ್‌ಲಾಗ್' ಎಂದು ಕರೆದ. 1999ರಲ್ಲಿ ಪೀಟರ್ ಮೆರ್‌ಹೋಲ್ಜ್ ತಮಾಷೆಗೆ ಆ ಪದವನ್ನು ಬೇರೆ ಕಡೆ ಒಡೆದು 'ವೀ ಬ್ಲಾಗ್' ಅಂದರು, ಅಂದರೆ 'ನಾವು ಬ್ಲಾಗಿಸುತ್ತೇವೆ'. ತಮಾಷೆಯೇ ಗಟ್ಟಿಯಾಗಿ ಉಳಿಯಿತು. ಅದೇ ವರ್ಷದ ಆಗಸ್ಟಿನಲ್ಲಿ ಇವಾನ್ ವಿಲಿಯಮ್ಸ್ ಮತ್ತು ಗೆಳೆಯರು 'ಬ್ಲಾಗರ್' ಎಂಬ ಸೇವೆ ಶುರು ಮಾಡಿದರು. ಕೋಡ್ ಬರೆಯಲು ಬಾರದವರಿಗೂ ಬರೆಯುವುದು ಸುಲಭವಾಯಿತು. 2004ರಲ್ಲಿ ಮೆರಿಯಮ್-ವೆಬ್‌ಸ್ಟರ್ ನಿಘಂಟಿನವರು 'ಬ್ಲಾಗ್' ಪದವನ್ನು ವರ್ಷದ ಪದ ಎಂದು ಆರಿಸಿದರು.

ಹೆಸರು ಬರುವ ಮೊದಲೇ ಕೆಲಸ ಶುರುವಾಗಿತ್ತು. ಜಸ್ಟಿನ್ ಹಾಲ್ ಎಂಬ ಅಮೆರಿಕದ ಕಾಲೇಜು ಹುಡುಗ 1994ರಿಂದಲೇ ತನ್ನ ಬದುಕಿನ ಬಗ್ಗೆ ಒಂದಿಷ್ಟೂ ಮುಚ್ಚುಮರೆ ಇಲ್ಲದೆ ಬರೆಯುತ್ತಿದ್ದ.

ಫೇಸ್‌ಬುಕ್‌ನಲ್ಲೇ ಬರೀಬಹುದಲ್ಲ, ಬ್ಲಾಗ್ ಯಾಕೆ ಬೇಕು?

ಬರೆಯಬಹುದು. ನಿಮಗೆ ಇವತ್ತು ಸಂಜೆಯೊಳಗೆ ನಾಲ್ಕು ಜನ ಓದಬೇಕು ಅಂದರೆ ಅದೇ ಒಳ್ಳೆಯದು. ಆದರೆ ಮೂರು ವರ್ಷದ ಹಿಂದೆ ಅಲ್ಲಿ ಬರೆದದ್ದನ್ನು ಒಮ್ಮೆ ಹುಡುಕಿ ನೋಡಿ. ಬರೆದವರಿಗೇ ಸಿಗುವುದು ಕಷ್ಟ. ಬ್ಲಾಗಿನಲ್ಲಿ ಹಳೆಯ ಬರಹ ತನ್ನ ಜಾಗದಲ್ಲೇ ಕಾಯುತ್ತಿರುತ್ತದೆ, ಯಾರೋ ಯಾವತ್ತೋ ಹುಡುಕುತ್ತಾ ಬಂದು ತಲುಪುತ್ತಾರೆ. ನನ್ನದೊಂದು ಬರಹಕ್ಕೆ ಆರು ವರ್ಷದ ನಂತರ ಮೊದಲ ಕಮೆಂಟು ಬಂತು, ಅದೂ ತುಂಬಾ ಉದ್ದದ್ದು. ಆ ಖುಷಿ ಬೇರೆಯೇ.

## ಬಗೆಗಳ ಬಗ್ಗೆ

ಬ್ಲಾಗ್‌ಗಳಲ್ಲಿ ಒಟ್ಟು ಎಷ್ಟು ಬಗೆ ಇದೆ? ಒಂದು ಪಟ್ಟಿ ಕೊಡ್ತೀರಾ?

ಪಟ್ಟಿ ಕೊಡಲು ನನಗೆ ಮನಸ್ಸಿಲ್ಲ. ಅಡುಗೆ ಬ್ಲಾಗ್, ಪ್ರವಾಸದ ಬ್ಲಾಗ್, ತಂತ್ರಜ್ಞಾನದ ಬ್ಲಾಗ್ ಎಂದು ವಿಷಯ ಹಿಡಿದು ಹೊರಟರೆ ಜಗತ್ತಿನಲ್ಲಿ ಎಷ್ಟು ವಿಷಯಗಳಿವೆಯೋ ಅಷ್ಟು ಬಗೆ. ಅದರಿಂದ ಏನೂ ತಿಳಿಯುವುದಿಲ್ಲ. ಪ್ರವಾಸದ ಬಗ್ಗೆ ಬರೆಯುವ ಇಬ್ಬರಲ್ಲಿ ಒಬ್ಬರು ದಾರಿಯಲ್ಲಿ ತಮಗೆ ಏನನ್ನಿಸಿತು ಎಂದು ಬರೆಯುತ್ತಾರೆ, ಇನ್ನೊಬ್ಬರು ರೈಲಿನ ಹೊತ್ತು ಮತ್ತು ಟಿಕೆಟ್ಟಿನ ವಿವರ ಬರೆಯುತ್ತಾರೆ. ಇಬ್ಬರದ್ದೂ ಪ್ರವಾಸದ ಬ್ಲಾಗೇ. ಆದರೆ ಓದುಗರೂ ಬೇರೆ, ಅಲ್ಲಿ ಹುಟ್ಟುವ ಮಾತುಕತೆಯೂ ಬೇರೆ.

ನಾನು ನೋಡುವುದು ಬ್ಲಾಗಿನ ಮುಖ ಯಾವ ಕಡೆಗಿದೆ ಎಂದು. ಕೆಲವು ಒಳಮುಖ: ದಿನಚರಿ, ನೆನಪು, ಕಾಯಿಲೆಯೊಡನೆ ಬದುಕಿದ ಕಥೆ. ಕೆಲವು ಹೊರಮುಖ: ಇನ್ನೊಬ್ಬರು ಬರೆದದ್ದನ್ನು ತೋರಿಸುವುದೇ ಅವುಗಳ ಕೆಲಸ. ಕೆಲವು ವಿಷಯಕ್ಕೆ ಮುಖ ಮಾಡಿ ಕೂತಿರುತ್ತವೆ: ಗಣಿತ, ಹಕ್ಕಿಗಳು, ಹೊಲಿಗೆ, ಕಾನೂನು. ಒಂದೇ ಬ್ಲಾಗ್ ಒಂದೊಂದು ದಿನ ಒಂದೊಂದು ಕಡೆ ತಿರುಗುವುದೂ ಇದೆ. ಆದರೂ ಎಲ್ಲಿ ಜಾಸ್ತಿ ಹೊತ್ತು ನಿಂತಿರುತ್ತದೆ ಎಂಬುದು ಹತ್ತು ಬರಹ ಓದಿದರೆ ಗೊತ್ತಾಗುತ್ತದೆ.

ನನ್ನ ದಿನಚರಿ ಬರೆದರೆ ಯಾರು ಓದ್ತಾರೆ?

ಆಶ್ಚರ್ಯವಾಗಬಹುದು, ಬ್ಲಾಗಿಗರ ಮೊದಲ ದೊಡ್ಡ ಬಳಗಗಳು ಕಟ್ಟಿಕೊಂಡದ್ದು ದಿನಚರಿಗಳ ಸುತ್ತಲೇ. 1998ರಲ್ಲಿ ಶುರುವಾದ 'ಓಪನ್ ಡೈರಿ'ಯಲ್ಲಿ ಓದುಗರು ಬರಹದ ಕೆಳಗೇ ಉತ್ತರ ಬರೆಯಬಹುದಿತ್ತು. 1999ರಲ್ಲಿ ಬ್ರಾಡ್ ಫಿಟ್ಜ್‌ಪ್ಯಾಟ್ರಿಕ್ ಮಾಡಿದ 'ಲೈವ್‌ಜರ್ನಲ್' ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ಗೆಳೆಯರ ಪಟ್ಟಿ ಮಾಡಿಕೊಂಡರೆ ಅವರೆಲ್ಲರ ಹೊಸ ಬರಹಗಳು ಒಂದೇ ಪುಟದಲ್ಲಿ ಸಿಗುತ್ತಿದ್ದವು. ಬೇಕಾದ ಬರಹವನ್ನು ಗೆಳೆಯರಿಗೆ ಮಾತ್ರ ಕಾಣುವ ಹಾಗೆ ಬೀಗ ಹಾಕಬಹುದಿತ್ತು. ಬೀಗ ಇದ್ದದ್ದರಿಂದಲೇ ಜನ ಮನಸ್ಸು ಬಿಚ್ಚಿ ಬರೆದರು.

ಸಾಮಾನ್ಯ ದಿನಚರಿಗೂ ಕಾಲ ಕೂಡಿ ಬಂದರೆ ತೂಕ ಬರುತ್ತದೆ. 2003ರಲ್ಲಿ ಇರಾಕಿನ ಮೇಲೆ ಯುದ್ಧ ನಡೆಯುವಾಗ 'ಸಲಾಮ್ ಪಾಕ್ಸ್' ಎಂಬ ಹೆಸರಿನಲ್ಲಿ ಒಬ್ಬಾತ ಬಾಗ್ದಾದಿನಿಂದ ಬರೆಯುತ್ತಿದ್ದ. ಬಾಂಬು ಬೀಳುವ ಊರಿನಲ್ಲಿ ಒಂದು ಮನೆಯೊಳಗಿನ ದಿನ ಹೇಗಿರುತ್ತದೆ ಎಂದು ತಿಳಿಯಲು ಜಗತ್ತಿನ ಎಲ್ಲ ಕಡೆಯಿಂದ ಜನ ಅವನ ಪುಟಕ್ಕೆ ಬರುತ್ತಿದ್ದರು.

ಒಂದು ಎಚ್ಚರಿಕೆ. ಕೆಲಸದ ಜಾಗದ ಬಗ್ಗೆ ಬರೆಯುವ ಮುನ್ನ ಎರಡು ಸಲ ಯೋಚಿಸಿ. ಅಮೆರಿಕದ ಹೆದರ್ ಆರ್ಮ್‌ಸ್ಟ್ರಾಂಗ್ 2002ರಲ್ಲಿ ಇದೇ ಕಾರಣಕ್ಕೆ ಕೆಲಸ ಕಳೆದುಕೊಂಡರು. ಅವರ ಬ್ಲಾಗಿನ ಹೆಸರು 'ಡೂಸ್'. ಬರೆದು ಕೆಲಸ ಕಳೆದುಕೊಳ್ಳುವುದಕ್ಕೆ 'ಡೂಸ್ಡ್' ಎಂಬ ಪದವೇ ಚಾಲ್ತಿಗೆ ಬಂತು. ಮುಂದೆ ಅವರು ಬ್ಲಾಗಿನಿಂದಲೇ ಬದುಕು ಕಟ್ಟಿಕೊಂಡರು ಅನ್ನುವುದು ನಿಜ. ಎಲ್ಲರಿಗೂ ಹಾಗಾಗುತ್ತದೆ ಎಂದು ನಂಬಬೇಡಿ.

ಸುಮ್ನೆ ಲಿಂಕು ಕೊಡೋದೂ ಬ್ಲಾಗಾ? ಅದರಲ್ಲಿ ಏನು ಕೆಲಸ ಇದೆ?

ಮೊಟ್ಟಮೊದಲ ವೆಬ್‌ಲಾಗ್‌ಗಳು ಹೆಚ್ಚಿನವು ಅದೇ. ನೂರು ಪುಟ ಓದಿ ಮೂರನ್ನು ಆರಿಸಿ, ಒಂದೊಂದಕ್ಕೆ ಎರಡು ಸಾಲು ಬರೆಯುವುದು ಸುಲಭದ ಕೆಲಸವಲ್ಲ. ಅಕ್ಕಿ ಆರಿಸಿದ ಹಾಗೆ, ಮಾಡಿದವರಿಗೇ ಗೊತ್ತು. ಅವರ ರುಚಿ ನಮಗೆ ಹಿಡಿಸಿದರೆ ದಿನವೂ ಹೋಗುತ್ತೇವೆ. ಈ ಬಗೆಯಲ್ಲಿ ಒಂದು ಮರ್ಯಾದೆಯೂ ಬೆಳೆದಿದೆ: ಲಿಂಕು ತಮಗೆ ಯಾರಿಂದ ಸಿಕ್ಕಿತೋ ಅವರ ಹೆಸರನ್ನೂ ಹೇಳಬೇಕು. ಅದನ್ನು ಬಿಟ್ಟವರನ್ನು ಬಳಗ ಬೇಗ ಗುರುತಿಸುತ್ತದೆ. ಬಾಯಿ ಬಿಟ್ಟು ಹೇಳುವುದಿಲ್ಲ ಅಷ್ಟೇ.

ನಾನೇನೂ ಪರಿಣತ ಅಲ್ಲ. ವಿಷಯದ ಬ್ಲಾಗ್ ಬರೆಯಬಹುದಾ?

ಬರೆಯಬಹುದು, ಒಂದೇ ಶರತ್ತು: ಪರಿಣತರ ಹಾಗೆ ನಟಿಸಬೇಡಿ. ಕಲಿಯುವವರ ಬ್ಲಾಗಿಗೆ ಅದರದ್ದೇ ಸೊಗಸಿದೆ. ಜೂಲಿ ಪೊವೆಲ್ ಎಂಬ ಕಚೇರಿ ಕೆಲಸದ ಹೆಂಗಸು 2002ರಲ್ಲಿ ಒಂದು ಹೆಸರಾಂತ ಅಡುಗೆ ಪುಸ್ತಕ ಹಿಡಿದು, ಅದರ 524 ಅಡುಗೆಗಳನ್ನೂ 365 ದಿನಗಳಲ್ಲಿ ಮಾಡಿ ಮುಗಿಸುತ್ತೇನೆ ಎಂದು ಬರೆಯಲು ಶುರು ಮಾಡಿದರು. ಸೀದು ಹೋದದ್ದು, ಅತ್ತದ್ದು, ಬೈದದ್ದು ಎಲ್ಲ ಅಲ್ಲಿತ್ತು. ಆಕೆ ದೊಡ್ಡ ಬಾಣಸಿಗಳಾಗಿದ್ದರೆ ಅಷ್ಟು ಜನ ಓದುತ್ತಿರಲಿಲ್ಲ ಅನ್ನಿಸುತ್ತದೆ. ದಿನವೂ ಬಂದು "ಇವತ್ತು ಏನಾಯ್ತು" ಎಂದು ಕೇಳುವ ಓದುಗರು ಹುಟ್ಟುವುದು ಕೆಲಸ ಅರ್ಧ ಆಗಿರುವಾಗ.

ಪರಿಣತರು ಬರೆದರೆ ಸಿಗುವ ಲಾಭ ಬೇರೆ. ಗಣಿತಜ್ಞ ಟೆರೆನ್ಸ್ ಟಾವೋ ತಮ್ಮ ಪಾಠದ ಟಿಪ್ಪಣಿಗಳನ್ನೂ ಅರೆಬೆಂದ ಯೋಚನೆಗಳನ್ನೂ ಬ್ಲಾಗಿನಲ್ಲಿ ಹಾಕುತ್ತಾರೆ. ಓದುಗರು ಕೆಳಗೆ ತಪ್ಪು ತೋರಿಸುತ್ತಾರೆ, ಅವರು ತಿದ್ದುತ್ತಾರೆ. ಅಷ್ಟು ದೊಡ್ಡವರೇ ತಿದ್ದಿಕೊಳ್ಳುವುದನ್ನು ನೋಡಿದ ಮೇಲೆ ನಾವು ನಾಚಿಕೆ ಪಡುವುದೇನಿದೆ?

ಟ್ವಿಟರ್, ಟಂಬ್ಲರ್ ಇವೂ ಬ್ಲಾಗ್‌ಗಳೇನಾ?

ಅದೇ ವಂಶದವು. 2006ರಲ್ಲಿ ಬಂದ ಟ್ವಿಟರನ್ನು ಆಗ 'ಮೈಕ್ರೋಬ್ಲಾಗ್' ಎಂದೇ ಕರೆಯುತ್ತಿದ್ದರು. ಮೊಬೈಲಿನ ಎಸ್ಸೆಮ್ಮೆಸ್ಸಿಗೆ 160 ಅಕ್ಷರದ ಮಿತಿ ಇತ್ತು. ಬರೆಯುವವರ ಹೆಸರಿಗೆ ಜಾಗ ಬಿಟ್ಟು 140 ಎಂದು ಇಟ್ಟರು. 2007ರ ಟಂಬ್ಲರ್ ಚಿತ್ರ, ಒಂದು ಸಾಲು, ಹಾಡು, ಏನನ್ನು ಬೇಕಾದರೂ ಹಾಕುವ ಜಾಗವಾಯಿತು. ಅಲ್ಲಿನ ಮುಖ್ಯ ಸಂಗತಿ 'ರೀಬ್ಲಾಗ್'. ಇನ್ನೊಬ್ಬರ ಬರಹವನ್ನು ಒಂದೇ ಒತ್ತಿನಲ್ಲಿ ನಿಮ್ಮ ಮನೆಗೆ ತಂದು, ಅದರ ಕೆಳಗೆ ನಿಮ್ಮ ಮಾತು ಸೇರಿಸಿ ಮುಂದೆ ಕಳಿಸಬಹುದು. ಹಾಗೆ ಕೈಯಿಂದ ಕೈಗೆ ಹೋದ ಬರಹ ಕೊನೆಗೆ ಯಾರದ್ದು ಎಂದು ಹೇಳುವುದೇ ಕಷ್ಟ.

ಇವುಗಳಲ್ಲಿ ಬಳಗ ಬಲು ಬೇಗ ಸೇರುತ್ತದೆ, ಅಷ್ಟೇ ಬೇಗ ಚದುರುತ್ತದೆ.

ಗುಂಪಾಗಿ ಒಂದೇ ಬ್ಲಾಗ್ ಮಾಡಿದರೆ ಹೇಗೆ?

ಶುರುವಿನಲ್ಲಿ ಎಲ್ಲರಿಗೂ ಹುರುಪು, ಆಮೇಲೆ ಒಬ್ಬರ ಮೇಲೇ ಭಾರ. ಗುಂಪಿನ ಬ್ಲಾಗ್ ಬಾಳುವುದು ಯಾರಾದರೂ ಒಬ್ಬರು ಸಂಪಾದಕರ ಕೆಲಸ ಹೊತ್ತಾಗ. ಅದು ಗೊತ್ತಿದ್ದು ಇಳಿದರೆ ಒಳ್ಳೆಯ ಬಗೆಯೇ. ಸಂಸ್ಥೆಗಳ ಬ್ಲಾಗಿಗೂ ಇದೇ ಮಾತು, ಜೊತೆಗೆ ಇನ್ನೊಂದು: ಹೆಸರಿಲ್ಲದೆ ಬರೆದ ಪ್ರಕಟಣೆಗೆ ಯಾರೂ ಉತ್ತರ ಕೊಡುವುದಿಲ್ಲ. ಕೆಳಗೆ ಒಬ್ಬ ಮನುಷ್ಯರ ಹೆಸರಿರಲಿ.

ಒಂದೇ ಬ್ಲಾಗಲ್ಲಿ ಎಲ್ಲಾ ವಿಷಯ ಬರೆದರೆ ತಪ್ಪಾ?

ಇಲ್ಲ. ವಿಷಯವಾರು ವಿಂಗಡಣೆ ಇಟ್ಟರೆ ಬೇಕಾದವರು ಬೇಕಾದ್ದನ್ನು ಓದುತ್ತಾರೆ. ಎರಡು ಬ್ಲಾಗ್ ಮಾಡಿ ಎರಡನ್ನೂ ಕೈಬಿಟ್ಟವರು ನನಗೆ ಗೊತ್ತು, ನಾನೂ ಅವರಲ್ಲೊಬ್ಬ.

## ಬಳಗದ ಬಗ್ಗೆ

ನನಗೆ ಓದುಗರಿದ್ದಾರೆ. ಅಂದ್ರೆ ಬಳಗ ಇದೆ ಅಂತ ತಾನೆ?

ಹಾಗೇನೂ ಇಲ್ಲ. ಓದುಗರು ಎಲ್ಲರೂ ನಿಮ್ಮ ಕಡೆಗೇ ಮುಖ ಮಾಡಿ ಕೂತಿದ್ದರೆ ಅದು ಸಭೆ. ನೀವು ಎದ್ದು ಹೋದರೆ ಸಭೆ ಮುಗಿಯಿತು. ನೀವು ಹದಿನೈದು ದಿನ ಬರೆಯದಿದ್ದಾಗಲೂ ಅವರು ತಮ್ಮ ತಮ್ಮಲ್ಲಿ ಮಾತಾಡುತ್ತಿದ್ದರೆ, ಒಬ್ಬರು ಇನ್ನೊಬ್ಬರ ಬ್ಲಾಗಿಗೆ ಹೋಗಿ ಬರುತ್ತಿದ್ದರೆ, ಆಗ ಬಳಗ ಎನ್ನಬಹುದು. ಲಕ್ಷ ಓದುಗರಿದ್ದೂ ಬಳಗವಿಲ್ಲದ ಬ್ಲಾಗ್‌ಗಳಿವೆ. ಮೂವತ್ತು ಜನರ ಗಟ್ಟಿ ಬಳಗಗಳೂ ಇವೆ.

ಎಲ್ಲೆಲ್ಲೋ ಕೂತು ಬರೆಯೋರು ಒಂದಾಗೋದು ಹೇಗೆ? ಯಾರಾದರೂ ಸೇರಿಸ್ತಾರಾ?

ಸೇರಿಸಲು ಹೊರಟವರು ಹೆಚ್ಚಾಗಿ ಸೋಲುತ್ತಾರೆ. "ಬನ್ನಿ, ಒಂದು ಬಳಗ ಕಟ್ಟೋಣ" ಎಂದು ಹೆಸರು, ಲೋಗೋ, ನಿಯಮ ಎಲ್ಲ ಮಾಡಿಟ್ಟು ಜನ ಬಾರದೆ ನಿಂತದ್ದನ್ನು ಎಷ್ಟೋ ನೋಡಿದ್ದೇನೆ. ನೆಂಟಸ್ತನ ಉಳಿಯುವುದು ಹೋಗಿ ಬಂದು ಮಾಡುವುದರಿಂದ, ಅಲ್ವಾ? ಇಲ್ಲೂ ಅಷ್ಟೇ.

ಹೋಗಿ ಬರಲು ದಾರಿಗಳು ಬೇಕು. ಮೊದಲನೇ ದಾರಿ ಲಿಂಕು. ನೀವು ಒಬ್ಬರ ಬರಹಕ್ಕೆ ಲಿಂಕು ಕೊಟ್ಟರೆ ಅವರು ತಮ್ಮ ಪುಟದ ಲೆಕ್ಕ ನೋಡುವಾಗ "ಇದ್ಯಾರು ಇಲ್ಲಿಂದ ಜನ ಕಳಿಸ್ತಿರೋದು" ಎಂದು ಬಂದು ನೋಡುತ್ತಾರೆ. ಎರಡನೆಯದು ಕಮೆಂಟು. ಅದರಲ್ಲಿ ಬರೆದವರ ಹೆಸರನ್ನು ಒತ್ತಿದರೆ ಅವರ ಬ್ಲಾಗಿಗೇ ಹೋಗಬಹುದು. ಈ ಒಂದು ಸಣ್ಣ ಏರ್ಪಾಡು ಎಷ್ಟು ಸ್ನೇಹಗಳನ್ನು ಕೂಡಿಸಿದೆಯೋ ಲೆಕ್ಕವಿಲ್ಲ. ಮೂರನೆಯದು ಬ್ಲಾಗ್‌ರೋಲ್, ಪುಟದ ಪಕ್ಕದಲ್ಲಿ ಹಾಕುವ "ನಾನು ಓದುವ ಬ್ಲಾಗ್‌ಗಳು" ಎಂಬ ಪಟ್ಟಿ. ಹೊಸಬರಿಗೆ ಅದೇ ಊರಿನ ನಕ್ಷೆ. ಅದರಿಂದ ಒಬ್ಬರ ಹೆಸರು ತೆಗೆದರೆ ಎಷ್ಟು ಮುನಿಸು ಆಗುತ್ತಿತ್ತು ಎಂಬುದನ್ನು ಹಳಬರು ಹೇಳಬೇಕು.

ಬ್ಲಾಗ್ ನಡೆಸುವ 'ಮೂವಬಲ್ ಟೈಪ್' ತಂತ್ರಾಂಶ ಮಾಡಿದ ಬೆನ್ ಮತ್ತು ಮೀನಾ ಟ್ರಾಟ್ ದಂಪತಿ 2002ರಲ್ಲಿ 'ಟ್ರ್ಯಾಕ್‌ಬ್ಯಾಕ್' ತಂದರು. ನಿಮ್ಮ ಬ್ಲಾಗಿನಲ್ಲಿ ಇನ್ನೊಬ್ಬರಿಗೆ ಉತ್ತರ ಬರೆದರೆ, ಆ ಸುದ್ದಿ ಅವರ ಬರಹದ ಕೆಳಗೇ ಹೋಗಿ ಕೂರುತ್ತಿತ್ತು. ಮತ್ತೆ ಫೀಡ್. ಆರ್‌ಎಸ್‌ಎಸ್ ಎಂಬ ಏರ್ಪಾಡು 1999ರಲ್ಲಿ ಹುಟ್ಟಿತು. ಮೆಚ್ಚಿದ ಐವತ್ತು ಬ್ಲಾಗ್‌ಗಳಿಗೆ ದಿನವೂ ಹೋಗಿ ಬಾಗಿಲು ತಟ್ಟುವ ಬದಲು, ಹೊಸ ಬರಹ ಬಂದಾಗ ಅದೇ ನಮ್ಮಲ್ಲಿಗೆ ಬರುತ್ತದೆ. ಅಪರೂಪಕ್ಕೆ ಬರೆಯುವವರನ್ನೂ ಬಳಗ ಮರೆಯದೆ ಇದ್ದದ್ದು ಇದರಿಂದಲೇ.

ದಾರಿ ಇದ್ದರೆ ಸಾಲದು, ಹೋಗಲು ನೆಪವೂ ಬೇಕು. 2002ರಿಂದೀಚೆಗೆ 'ಕಾರ್ನಿವಲ್' ಎಂಬ ಪದ್ಧತಿ ಬೆಳೆಯಿತು. ಒಂದು ವಿಷಯದ ಮೇಲೆ ಎಲ್ಲರೂ ತಮ್ಮ ತಮ್ಮ ಬ್ಲಾಗಿನಲ್ಲಿ ಬರೆಯುವುದು, ಒಬ್ಬರು ಅವನ್ನೆಲ್ಲ ಒಂದು ಬರಹದಲ್ಲಿ ಪೋಣಿಸುವುದು, ಮುಂದಿನ ಸಲ ಆ ಸರದಿ ಇನ್ನೊಬ್ಬರಿಗೆ. ಸರದಿ ಬದಲಾಗುವುದೇ ಇದರ ಜೀವ. ಯಾರ ಮನೆಯೂ ಅರಮನೆ ಆಗುವುದಿಲ್ಲ. ಐದು ಪ್ರಶ್ನೆಗೆ ಉತ್ತರಿಸಿ ಇನ್ನೈದು ಜನರಿಗೆ ದಾಟಿಸುವ ಆಟಗಳೂ ಇದ್ದವು. ನಾನು ಅವನ್ನು ನೋಡಿ ಮೂಗು ಮುರಿದವನು. ಆದರೆ ನನಗೆ ಸಿಕ್ಕ ಇಬ್ಬರು ಒಳ್ಳೆಯ ಗೆಳೆಯರು ಅಂಥ ಒಂದು ಆಟದಿಂದಲೇ ಸಿಕ್ಕಿದ್ದು.

ಒಂದು ವರ್ಷದಿಂದ ಬರೀತಿದ್ದೀನಿ, ಒಂದು ಕಮೆಂಟೂ ಇಲ್ಲ. ಏನು ತಪ್ಪು ಮಾಡ್ತಿದ್ದೀನಿ?

ಒಂದು ಪ್ರಶ್ನೆ ಕೇಳುತ್ತೇನೆ, ಬೇಜಾರಾಗಬೇಡಿ. ಈ ವರ್ಷದಲ್ಲಿ ನೀವು ಎಷ್ಟು ಜನರ ಬರಹದ ಕೆಳಗೆ ನಾಲ್ಕು ಸಾಲು ಬರೆದಿದ್ದೀರಿ? ಈ ಪ್ರಶ್ನೆ ಕೇಳಿದವರಲ್ಲಿ ಹೆಚ್ಚಿನವರ ಉತ್ತರ "ಇಲ್ಲ, ನಾನು ಓದ್ತೀನಿ ಅಷ್ಟೇ".

"ಚೆನ್ನಾಗಿದೆ, ನನ್ನ ಬ್ಲಾಗಿಗೂ ಬನ್ನಿ" ಎಂದು ಬರೆಯುವುದು ಲೆಕ್ಕಕ್ಕಿಲ್ಲ. ಅದು ಕರಪತ್ರ ಹಂಚಿದ ಹಾಗೆ. ನಿಮಗೆ ನಿಜವಾಗಿ ಹಿಡಿಸಿದ ಐದಾರು ಬ್ಲಾಗ್ ಆರಿಸಿಕೊಳ್ಳಿ, ಅವೂ ನಿಮ್ಮಷ್ಟೇ ಸಣ್ಣವಿರಲಿ. ಆರು ತಿಂಗಳು ಅವನ್ನು ಓದಿ, ಹೇಳಲು ಏನಾದರೂ ಇದ್ದಾಗ ಹೇಳಿ. ಅವರ ಬರಹದಿಂದ ಹೊಳೆದದ್ದನ್ನು ನಿಮ್ಮಲ್ಲಿ ಬರೆದು ಲಿಂಕು ಕೊಡಿ. ದೊಡ್ಡ ಬ್ಲಾಗಿನ ಇನ್ನೂರನೇ ಕಮೆಂಟು ಯಾರ ಕಣ್ಣಿಗೂ ಬೀಳುವುದಿಲ್ಲ. ಸಣ್ಣ ಬ್ಲಾಗಿನ ಒಂದೇ ಕಮೆಂಟನ್ನು ಬರೆದವರು ಮೂರು ಸಲ ಓದುತ್ತಾರೆ.

ಇನ್ನೊಂದು: ನಿಮ್ಮ ಬರಹ ಎಲ್ಲವನ್ನೂ ತಾನೇ ಹೇಳಿ ಮುಗಿಸುತ್ತಿದೆಯಾ ಎಂದು ನೋಡಿಕೊಳ್ಳಿ. ಓದಿದವರು ಸೇರಿಸಲು ಏನೂ ಉಳಿಯದಿದ್ದರೆ ತಲೆದೂಗಿ ಹೋಗುತ್ತಾರೆ.

ಅಷ್ಟು ಜನ ಓದ್ತಾರೆ, ಯಾಕೆ ಯಾರೂ ಮಾತಾಡಲ್ಲ?

ಎಲ್ಲ ಕಡೆಯೂ ಹಾಗೇ. ಜನ ವೆಬ್ ಬಳಸುವ ಬಗೆಯನ್ನು ಅಭ್ಯಾಸ ಮಾಡುವ ಜೇಕಬ್ ನೀಲ್ಸನ್ 2006ರಲ್ಲಿ ಇದಕ್ಕೊಂದು ಅಂದಾಜು ಕೊಟ್ಟರು: ನೂರರಲ್ಲಿ 90 ಜನ ಸುಮ್ನೆ ಓದುತ್ತಾರೆ, 9 ಜನ ಆಗೊಮ್ಮೆ ಈಗೊಮ್ಮೆ ಮಾತಾಡುತ್ತಾರೆ, ಒಬ್ಬರು ಹೆಚ್ಚಿನದನ್ನು ಮಾಡುತ್ತಾರೆ. ಬ್ಲಾಗ್‌ಗಳಲ್ಲಿ ಇದು ಇನ್ನೂ ವಾಲಿರುತ್ತದೆ ಎಂದೂ ಅವರೇ ಹೇಳಿದ್ದರು. ಸುಮ್ಮನಿರುವವರನ್ನು ಬೈಯಬೇಡಿ. ಯಾವತ್ತೋ ಒಂದು ದಿನ ನಿಮ್ಮ ಹಳೆಯ ಬರಹದ ಸಾಲು ನೆನಪಿಟ್ಟುಕೊಂಡು ಮಾತಾಡುವವರು ಅವರೇ.

ನಮ್ಮ ಭಾಷೆಯಲ್ಲಿ ಬರೆಯೋರು ಕಡಿಮೆ. ಇಂಗ್ಲಿಷ್ ಬಿಟ್ಟರೆ ಬಳಗ ಆಗುತ್ತಾ?

ಆಗುತ್ತದೆ, ಎಷ್ಟೋ ಸಲ ಹೆಚ್ಚು ಗಟ್ಟಿಯಾಗಿ ಆಗುತ್ತದೆ. ಪರ್ಷಿಯನ್ ಭಾಷೆಯ ಉದಾಹರಣೆ ನೋಡಿ. 2001ರಲ್ಲಿ ಹೊಸೇನ್ ದೆರಖ್ಶಾನ್ ಎಂಬ ಪತ್ರಕರ್ತ ಪರ್ಷಿಯನ್ನಿನಲ್ಲಿ ಬ್ಲಾಗ್ ಮಾಡುವುದು ಹೇಗೆ ಎಂದು ಹಂತ ಹಂತವಾಗಿ ವಿವರಿಸಿ ಬರೆದರು. ಯುನಿಕೋಡ್ ಬಂದಿತ್ತು, ಅಕ್ಷರಗಳು ಪರದೆಯ ಮೇಲೆ ಸರಿಯಾಗಿ ಮೂಡುತ್ತಿದ್ದವು. ಬೇಕಿದ್ದದ್ದು ಕೈ ಹಿಡಿದು ತೋರಿಸುವವರು ಅಷ್ಟೇ. ಕೆಲವೇ ವರ್ಷಗಳಲ್ಲಿ ಆ ಭಾಷೆಯಲ್ಲಿ ಸಾವಿರಾರು ಜನ ಬರೆಯುತ್ತಿದ್ದರು. ರಷ್ಯನ್ನಿನಲ್ಲಿ ಬರೆಯುವವರು ಲೈವ್‌ಜರ್ನಲನ್ನು ಎಷ್ಟು ತಮ್ಮದಾಗಿಸಿಕೊಂಡರು ಎಂದರೆ, ಅಮೆರಿಕದಲ್ಲಿ ಹುಟ್ಟಿದ ಆ ಸೇವೆಯನ್ನು 2007ರಲ್ಲಿ ರಷ್ಯದ ಕಂಪನಿಯೊಂದು ಕೊಂಡುಕೊಂಡಿತು.

ಬರೆಯುವವರು ಕಡಿಮೆ ಇದ್ದಾಗ ಗಣಿತದವರು, ಕವಿತೆಯವರು, ತಮಾಷೆಯವರು ಒಂದೇ ಚಾವಡಿಯಲ್ಲಿ ಕೂರಬೇಕಾಗುತ್ತದೆ. ಇಂಗ್ಲಿಷಿನಲ್ಲಾದರೆ ಅವರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಜಗಳವೂ ಜಾಸ್ತಿ, ನಿಜ.

## ಬಹಳ ದಿನದಿಂದ ಬರೆಯುತ್ತಿರುವವರ ಪ್ರಶ್ನೆಗಳು

ಎಲ್ಲರೂ ಅದೇ ನಾಲ್ಕು ಜನರನ್ನೇ ಓದೋದು ಯಾಕೆ? ಇದರಲ್ಲಿ ಏನೋ ಒಳಸಂಚು ಇದೆಯಾ?

ಒಳಸಂಚು ಬೇಕಿಲ್ಲ. ಇಂಟರ್ನೆಟ್ಟಿನ ಬಗ್ಗೆ ಬರೆಯುವ ಕ್ಲೇ ಶರ್ಕಿ 2003ರಲ್ಲಿ ಇದನ್ನು ಚೆನ್ನಾಗಿ ವಿವರಿಸಿದರು. ಆರಿಸಿಕೊಳ್ಳಲು ತುಂಬಾ ಬ್ಲಾಗ್‌ಗಳಿದ್ದು, ಪ್ರತಿಯೊಬ್ಬರೂ ತಮಗೆ ಬೇಕಾದದ್ದನ್ನು ಆರಿಸಿಕೊಳ್ಳುವಂತಿದ್ದರೆ, ಓದುಗರು ತಾವಾಗಿಯೇ ಕೆಲವರ ಸುತ್ತ ಸೇರುತ್ತಾರೆ. ನಾನು ಏನು ಓದುತ್ತೇನೆ ಎಂಬುದರ ಮೇಲೆ ನನ್ನ ಗೆಳೆಯರು ಏನು ಓದುತ್ತಾರೆ ಎಂಬುದರ ಪ್ರಭಾವ ಇದ್ದೇ ಇರುತ್ತದಲ್ಲ. ಮೊದಲು ಬಂದವರಿಗೆ ಲಿಂಕು ಜಾಸ್ತಿ, ಲಿಂಕು ಇದ್ದವರಿಗೆ ಇನ್ನೂ ಜಾಸ್ತಿ.

ಹಾಗಾಗಿ ಪಟ್ಟಿಯ ತಲೆಯಲ್ಲಿರುವ ಆ ಕೆಲವರನ್ನು ನೋಡಿ ಕೊರಗುವುದರಲ್ಲಿ ಅರ್ಥವಿಲ್ಲ. ಮೇಲಿರುವವರು ಬಂದ ಎಲ್ಲರಿಗೂ ಉತ್ತರ ಕೊಡಲಾರದೆ ಪತ್ರಿಕೆಯಂತಾಗಿಬಿಡುತ್ತಾರೆ. ಮಾತುಕತೆ ನಡೆಯುವುದು ಕೆಳಗಿನ ಉದ್ದ ಬಾಲದಲ್ಲಿ, ಅಂದರೆ ಸಣ್ಣ ಸಣ್ಣ ಬ್ಲಾಗ್‌ಗಳಲ್ಲಿ.

ಕಮೆಂಟಲ್ಲಿ ಕಸ, ಬೈಗುಳ. ಮುಚ್ಚಿಬಿಡಲಾ?

ಕಸ ಮತ್ತು ಬೈಗುಳ ಎರಡು ಬೇರೆ ಕಾಯಿಲೆ. ಕಸ ಹಾಕುವವು ಯಂತ್ರಗಳು. ತಮ್ಮ ಪುಟಕ್ಕೆ ಲಿಂಕು ಜಾಸ್ತಿ ಮಾಡಿ ಹುಡುಕಾಟದಲ್ಲಿ ಮೇಲೆ ಬರುವುದು ಅವುಗಳ ಆಸೆ. 2005ರ ಜನವರಿಯಲ್ಲಿ ಗೂಗಲ್ ಮತ್ತು ಇತರರು 'ನೋಫಾಲೋ' ಎಂಬ ಗುರುತು ತಂದರು. ಅದಿದ್ದರೆ ಆ ಲಿಂಕಿನಿಂದ ಹುಡುಕಾಟದಲ್ಲಿ ಲಾಭ ಸಿಗುತ್ತಿರಲಿಲ್ಲ. ಕಸ ನಿಲ್ಲಲಿಲ್ಲ. ಅದೇ ವರ್ಷ ಬಂದ 'ಅಕಿಸ್ಮೆಟ್'ನಂಥ ಸೋಸುವ ಸಾಧನಗಳು ಹೆಚ್ಚು ಕೆಲಸಕ್ಕೆ ಬಂದವು. ಹಾಕಿಕೊಳ್ಳಿ, ಮರೆತುಬಿಡಿ.

ಬೈಗುಳಕ್ಕೆ ಯಂತ್ರದ ಮದ್ದಿಲ್ಲ. ನನ್ನ ರೂಢಿ ಹೇಳುತ್ತೇನೆ. ಹೊಸಬರ ಮೊದಲ ಕಮೆಂಟನ್ನು ನಾನೇ ಓದಿ ಒಳಗೆ ಬಿಡುತ್ತೇನೆ. ಬರಹವನ್ನು ಎಷ್ಟು ಬೇಕಾದರೂ ಹರಿದು ಹಾಕಬಹುದು. ಕಮೆಂಟು ಬರೆದ ಇನ್ನೊಬ್ಬರ ಮೇಲೆ ಬಿದ್ದರೆ ಅಳಿಸುತ್ತೇನೆ, ವಿವರಣೆ ಕೊಡುವುದಿಲ್ಲ. ಮೊದಮೊದಲು ಎಲ್ಲರಿಗೂ ವಿವರಣೆ ಕೊಡುತ್ತಿದ್ದೆ. ವಿವರಣೆಯ ಮೇಲೆಯೇ ಹೊಸ ಜಗಳ ಶುರುವಾಗುತ್ತಿತ್ತು. ಆ ದಿನಗಳಲ್ಲಿ ಇಬ್ಬರು ಒಳ್ಳೆಯ ಓದುಗರು ಸದ್ದಿಲ್ಲದೆ ಎದ್ದು ಹೋದರು. ಅವರು ಮರಳಿ ಬರಲಿಲ್ಲ.

ಬ್ಲಾಗ್ ಬಳಗದಿಂದ ಹರಟೆ ಬಿಟ್ಟು ಏನಾದರೂ ನಿಜವಾದ ಕೆಲಸ ಆಗಿದೆಯಾ?

ಆಗಿದೆ. ನನಗೆ ಬಹಳ ಇಷ್ಟವಾದ ಉದಾಹರಣೆ ಗಣಿತದ್ದು. 2009ರಲ್ಲಿ ಕೇಂಬ್ರಿಡ್ಜಿನ ಗಣಿತಜ್ಞ ಟಿಮೊಥಿ ಗವರ್ಸ್ ತಮ್ಮ ಬ್ಲಾಗಿನಲ್ಲಿ ಒಂದು ಪ್ರಶ್ನೆ ಎತ್ತಿದರು: ನೂರಾರು ಜನ ಒಟ್ಟಿಗೆ ಕೂತು ಒಂದು ಗಣಿತದ ಸಮಸ್ಯೆ ಬಿಡಿಸಬಹುದೇ? ಒಂದು ಗಟ್ಟಿ ಸಮಸ್ಯೆಯನ್ನೂ ಮುಂದಿಟ್ಟರು, ಹೇಲ್ಸ್-ಜುವೆಟ್ ಎಂಬ ಗಣಿತ ಪ್ರಮೇಯದ 'ಸಾಂದ್ರತೆ'ಯ ರೂಪಕ್ಕೆ ಹೊಸ, ಸರಳ ರುಜುವಾತು ಹುಡುಕುವುದು. ನಿಯಮಗಳನ್ನೂ ಬರೆದರು. ಪೂರ್ತಿ ಯೋಚಿಸಿ ತಂದ ದೊಡ್ಡ ಉತ್ತರ ಬೇಡ, ಹೊಳೆದ ಸಣ್ಣ ತುಂಡನ್ನೇ ಹಾಕಿ. ತಪ್ಪಾದರೂ ಪರವಾಗಿಲ್ಲ.

37 ದಿನಗಳಲ್ಲಿ 27 ಜನ ಸುಮಾರು 800 ಕಮೆಂಟು ಬರೆದರು. ಅವರಲ್ಲಿ ಟಾವೋ ಅವರಂಥ ಘಟಾನುಘಟಿಗಳೂ ಇದ್ದರು, ಶಾಲೆಯಲ್ಲಿ ಪಾಠ ಮಾಡುವ ಮೇಷ್ಟರೂ ಇದ್ದರು. ಸಮಸ್ಯೆ ಬಿಡಿಸಿದ್ದಾಯಿತು. ಪ್ರಬಂಧ 'ಡಿ. ಎಚ್. ಜೆ. ಪಾಲಿಮ್ಯಾತ್' ಎಂಬ ಒಟ್ಟು ಹೆಸರಿನಲ್ಲಿ ಅಚ್ಚಾಯಿತು.

ಇಲ್ಲಿ ಗಮನಿಸಬೇಕಾದ್ದು ಎರಡು. ನೂರಾರು ಜನ ಬರಲಿಲ್ಲ, 27 ಜನ ಬಂದರು, ಅಷ್ಟೇ ಸಾಕಾಯಿತು. ಮತ್ತೆ, ಬಂದವರಲ್ಲಿ ಹಲವರು ಮೊದಲಿನಿಂದಲೇ ಒಬ್ಬರನ್ನೊಬ್ಬರು ಓದುತ್ತಿದ್ದವರು. ಬಳಗ ಮೊದಲೇ ಇತ್ತು, ಕೆಲಸ ಆಮೇಲೆ ಬಂತು.

ಚೆನ್ನಾಗಿ ನಡೀತಿದ್ದ ಬಳಗ ಇದ್ದಕ್ಕಿದ್ದಂತೆ ಯಾಕೆ ಸಾಯುತ್ತೆ?

ಇದ್ದಕ್ಕಿದ್ದಂತೆ ಅನ್ನಿಸುತ್ತದೆ, ಆದರೆ ದಾರಿಗಳು ಒಂದೊಂದಾಗಿ ಮುಚ್ಚಿರುತ್ತವೆ. ಟ್ರ್ಯಾಕ್‌ಬ್ಯಾಕನ್ನು ಕಸ ಹಾಕುವವರು ಕೆಡಿಸಿದರು, ಜನ ಅದನ್ನು ನಿಲ್ಲಿಸಿಬಿಟ್ಟರು. ಪುಟದ ವಿನ್ಯಾಸ ಬದಲಿಸುವಾಗ ಬ್ಲಾಗ್‌ರೋಲ್ ಹಳೆಯ ಫ್ಯಾಷನ್ ಎಂದು ತೆಗೆದರು. ಅಷ್ಟರಲ್ಲಿ ಮಾತುಕತೆ ಫೇಸ್‌ಬುಕ್ಕಿಗೆ ದಾಟಿತ್ತು. ಬರಹ ಬ್ಲಾಗಿನಲ್ಲಿ, ಅದರ ಮೇಲಿನ ಚರ್ಚೆ ಅಲ್ಲಿ. ಎರಡು ದಿನವಾದರೆ ಆ ಚರ್ಚೆ ಯಾರಿಗೂ ಸಿಗದು. 2013ರ ಜುಲೈ 1ರಂದು ಗೂಗಲ್ ತನ್ನ 'ರೀಡರ್' ಸೇವೆ ಮುಚ್ಚಿತು. ಫೀಡ್ ಓದಲು ಬೇರೆ ಸಾಧನಗಳು ಇದ್ದವು, ಈಗಲೂ ಇವೆ. ಆದರೆ ಅಷ್ಟೊಂದು ಜನ ಒಂದೇ ಬಾಗಿಲಲ್ಲಿ ಓಡಾಡುತ್ತಿದ್ದರು. ಬಾಗಿಲು ಹಾಕಿದಾಗ ಹಲವರು ಬೇರೆ ಬಾಗಿಲು ಹುಡುಕಲಿಲ್ಲ.

ಮನುಷ್ಯರ ಕಾರಣವೂ ಇದೆ. ಪ್ರತಿ ಬಳಗದಲ್ಲೂ ಒಬ್ಬಿಬ್ಬರು ಇರುತ್ತಾರೆ. ತಾವು ಹೆಚ್ಚು ಬರೆಯುವುದಿಲ್ಲ, ಆದರೆ ಎಲ್ಲರ ಮನೆಗೂ ಹೋಗಿ ನಾಲ್ಕು ಮಾತಾಡಿ ಬರುತ್ತಾರೆ, ಹೊಸಬರನ್ನು ಹಳಬರಿಗೆ ಪರಿಚಯ ಮಾಡಿಸುತ್ತಾರೆ. ಅವರು ನಿಂತರೆ ಒಳ್ಳೆಯ ಬರಹಗಾರರು ಹತ್ತು ಜನ ಇದ್ದರೂ ಬಳಗ ಸೊರಗುತ್ತದೆ.

ದುಡ್ಡು ಬರೋಕೆ ಶುರುವಾದ್ರೆ ಬಳಗ ಕೆಡುತ್ತಾ?

ದುಡ್ಡಿನಿಂದ ಕೆಡುವುದಕ್ಕಿಂತ ಮುಚ್ಚಿಡುವುದರಿಂದ ಕೆಡುತ್ತದೆ. 2003ರಲ್ಲಿ ಗೂಗಲ್ ಆಡ್‌ಸೆನ್ಸ್ ಬಂದ ಮೇಲೆ ಸಣ್ಣ ಬ್ಲಾಗಿಗೂ ಜಾಹೀರಾತು ಸಿಕ್ಕಿತು. ಯಾರೂ ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ, ಜಾಹೀರಾತು ಜಾಹೀರಾತಿನ ಹಾಗೇ ಕಾಣುತ್ತಿತ್ತು. ತೊಂದರೆ ಆದದ್ದು ಬಿಟ್ಟಿ ವಸ್ತು ತೆಗೆದುಕೊಂಡು ಅದನ್ನು ಹೇಳದೆ ಹೊಗಳಿದಾಗ. ಅಮೆರಿಕದಲ್ಲಿ 2009ರಲ್ಲಿ ಇದಕ್ಕೆಂದೇ ಸರಕಾರಿ ಮಾರ್ಗಸೂಚಿಗೆ ಬ್ಲಾಗಿಗರನ್ನೂ ಸೇರಿಸಿದರು. ವಸ್ತುವೋ ಹಣವೋ ಪಡೆದಿದ್ದರೆ ಓದುಗರಿಗೆ ಹೇಳಬೇಕು ಎಂದು. ಬರಹದ ಮೊದಲ ಸಾಲಿನಲ್ಲೇ ಹೇಳಿಬಿಡಿ. ಓದುಗರು ಅಂದುಕೊಂಡದ್ದಕ್ಕಿಂತ ಉದಾರಿಗಳು.

ಬ್ಲಾಗ್ ನಡೆಸೋ ಕಂಪನಿಯೇ ಮುಚ್ಚಿದರೆ ನನ್ನ ಬರಹ, ನಮ್ಮ ಬಳಗ ಎಲ್ಲಾ ಹೋಯ್ತಾ?

ಮುಂಚೆಯೇ ಸಿದ್ಧ ಇರದಿದ್ದರೆ ಹೋಗುತ್ತದೆ. ಜನರಿಗೆ ಬಿಟ್ಟಿಯಾಗಿ ವೆಬ್ ಪುಟಕ್ಕೆ ಜಾಗ ಕೊಡುತ್ತಿದ್ದ ಜಿಯೋಸಿಟೀಸ್ 2009ರಲ್ಲಿ ಮುಚ್ಚಿದಾಗ ಲಕ್ಷಾಂತರ ಜನರ ಪುಟಗಳು ಅಳಿಸಿಹೋಗುವುದರಲ್ಲಿದ್ದವು. ಸ್ವಯಂಸೇವಕರು ಹಗಲಿರುಳು ಕೂತು ಆದಷ್ಟನ್ನು ನಕಲು ಮಾಡಿಟ್ಟರು. ಇಂಟರ್ನೆಟ್ ಆರ್ಕೈವಿನ 'ವೇಬ್ಯಾಕ್ ಮಶೀನ್' 2001ರಿಂದ ಎಲ್ಲರಿಗೂ ತೆರೆದಿದೆ, ಅಲ್ಲಿ ಹಳೆಯ ಪುಟ ಸಿಗುವುದುಂಟು. ನೆಚ್ಚಿಕೊಂಡು ಕೂರಬೇಡಿ.

ಮೂರು ಕೆಲಸ ಮಾಡಿಡಿ. ಸಾಧ್ಯವಾದರೆ ಸ್ವಂತ ವಿಳಾಸ ಕೊಂಡುಕೊಳ್ಳಿ. ಮನೆ ಬದಲಾದರೂ ವಿಳಾಸ ಅದೇ ಇರುತ್ತದೆ, ಇತರರು ಕೊಟ್ಟ ಲಿಂಕುಗಳು ಮುರಿಯುವುದಿಲ್ಲ. ಆರು ತಿಂಗಳಿಗೊಮ್ಮೆ ಎಲ್ಲ ಬರಹವನ್ನೂ ಇಳಿಸಿಟ್ಟುಕೊಳ್ಳಿ. ಬ್ಲಾಗರ್, ಅದರಂಥದ್ದೇ ಆದ ವರ್ಡ್‌ಪ್ರೆಸ್ ಎರಡರಲ್ಲೂ ಆ ಸೌಲಭ್ಯ ಇದೆ. ಇಳಿಸುವಾಗ ಕಮೆಂಟುಗಳೂ ಬಂದಿವೆಯಾ ನೋಡಿ. ನಾನು ಒಮ್ಮೆ ನೋಡದೆ ಹಳೆಯ ಬ್ಲಾಗ್ ಅಳಿಸಿದೆ. ಬರಹಗಳೆಲ್ಲ ಈಗಲೂ ನನ್ನ ಹತ್ತಿರ ಇವೆ. ಅವುಗಳ ಕೆಳಗೆ ನಾಲ್ಕು ವರ್ಷ ನಡೆದ ಮಾತುಕತೆ ಇಲ್ಲ.

ಈಗ 2000ದ ದಶಕದ ಹಾಗೆ ಬಳಗ ಮತ್ತೆ ಆಗುತ್ತಾ?

ಅದೇ ರೂಪದಲ್ಲಿ ಆಗಲಿಕ್ಕಿಲ್ಲ. ಆಗ ಬೇರೆ ಜಾಗ ಇರಲಿಲ್ಲ, ಎಲ್ಲರೂ ಅಲ್ಲೇ ಇದ್ದರು. ಈಗ ದಾರಿಗಳು ಬೇರೆ. 2017ರಲ್ಲಿ ಶುರುವಾದ ಸಬ್‌ಸ್ಟ್ಯಾಕ್‌ನಂಥ ಸೇವೆಗಳಲ್ಲಿ ಬರಹ ಇಮೇಲಿಗೇ ಬರುತ್ತದೆ, ಕೆಳಗೆ ಕಮೆಂಟೂ ಇದೆ, ಬರಹಗಾರರು ಒಬ್ಬರನ್ನೊಬ್ಬರು ಶಿಫಾರಸು ಮಾಡುವ ಪಟ್ಟಿಯೂ ಇದೆ. ಹಳೆಯ ಬ್ಲಾಗ್‌ರೋಲೇ ಹೊಸ ಬಟ್ಟೆ ಹಾಕಿಕೊಂಡು ಬಂದಿದೆ. ಸ್ವಂತ ಮನೆಯಲ್ಲೇ ಇರಬೇಕು ಅನ್ನುವವರಿಗೆ 'ವೆಬ್‌ಮೆನ್ಶನ್' ಇದೆ, ವೆಬ್ಬಿನ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ 2017ರಲ್ಲಿ ಒಪ್ಪಿದ ಪದ್ಧತಿ. ಟ್ರ್ಯಾಕ್‌ಬ್ಯಾಕ್ ಮಾಡುತ್ತಿದ್ದ ಕೆಲಸವೇ, ಆದರೆ ಲಿಂಕು ನಿಜವಾಗಿ ಇದೆಯೇ ಎಂದು ಪರೀಕ್ಷಿಸಿ ನೋಡುತ್ತದೆ. ಬೇರೆ ಬೇರೆ ತಾಣಗಳನ್ನು ಬೆಸೆಯುವ, 2018ರಲ್ಲಿ ಬಂದ 'ಆಕ್ಟಿವಿಟಿಪಬ್' ಎಂಬ ಪದ್ಧತಿಯ ಮೂಲಕ ವರ್ಡ್‌ಪ್ರೆಸ್ ಬ್ಲಾಗನ್ನು ಟ್ವಿಟರಿನಂಥದ್ದೇ ಆದ ಮಾಸ್ಟೊಡಾನಿನಲ್ಲಿ ಕೂತವರು ಅಲ್ಲಿಂದಲೇ ಓದಿ ಉತ್ತರಿಸಬಹುದು.

ನಾನು ಈಚೆಗೆ ಮಾಡಿದ್ದು ಇಷ್ಟೇ. ನನ್ನ ಪುಟದ ಪಕ್ಕದಲ್ಲಿ ಮತ್ತೆ ಒಂದು ಬ್ಲಾಗ್‌ರೋಲ್ ಹಾಕಿದೆ, ಹನ್ನೊಂದು ಹೆಸರು. ಎರಡು ವಾರದಲ್ಲಿ ಅವರಲ್ಲಿ ಮೂವರು ಬಂದು "ಇನ್ನೂ ಓದ್ತಿದ್ದೀರಾ?" ಎಂದು ಕೇಳಿದರು. ಒಬ್ಬರು ಐದು ವರ್ಷದ ನಂತರ ಒಂದು ಬರಹ ಹಾಕಿದ್ದಾರೆ. ನಾನು ಅದರ ಕೆಳಗೆ ಏನು ಬರೆಯಲಿ ಎಂದು ಇನ್ನೂ ಯೋಚಿಸುತ್ತಿದ್ದೇನೆ.